ಮನೆಯಲ್ಲಿ ಮಕ್ಕಳಿಗೆ ಓದಿನ ರುಚಿ ಹತ್ತಿಸುವುದು ಹೇಗೆ

ಕನ್ನಡದಲ್ಲಿ ‘ಓದು’ ಎಂಬ ಒಂದೇ ಮಾತು ಎರಡು ಕೆಲಸ ಮಾಡುತ್ತದೆ. ‘ಪರೀಕ್ಷೆ ಹತ್ತಿರ ಬಂತು, ಓದಿಕೋ’ ಎನ್ನುವಾಗಲೂ ಅದೇ ಮಾತು, ‘ನಿನ್ನೆ ರಾತ್ರಿ ಒಂದು ಒಳ್ಳೆಯ ಕಥೆ ಓದಿದೆ’ ಎನ್ನುವಾಗಲೂ ಅದೇ ಮಾತು. ದೊಡ್ಡವರಿಗೆ ಇವೆರಡರ ವ್ಯತ್ಯಾಸ ತಾನಾಗಿ ತಿಳಿಯುತ್ತದೆ. ಶಾಲೆಗೆ ಹೋಗುವ ಮಗುವಿನ ಕಿವಿಗೆ ದಿನವೂ ಬೀಳುವುದು ಮಾತ್ರ ಹೆಚ್ಚಾಗಿ ಮೊದಲನೆಯದೇ. ಹಾಗಾಗಿ ಸಂಜೆ ‘ಓದಲು ಕೂತುಕೋ’ ಎಂದೊಡನೆ ಅದು ಪಠ್ಯಪುಸ್ತಕ ತೆರೆಯುತ್ತದೆ, ಏಕೆಂದರೆ ಓದು ಎಂದರೆ ಅದರ ಪಾಲಿಗೆ ಪ್ರಶ್ನೆ, ಉತ್ತರ, ಅಂಕ. ಮನೆಯಲ್ಲಿ ಓದುವ ಅಭ್ಯಾಸ ಬೆಳೆಸಬೇಕೆಂದಿರುವ ತಂದೆತಾಯಿಯರು ಎಲ್ಲಕ್ಕಿಂತ ಮೊದಲು ಮಾಡಬೇಕಾದದ್ದು ಈ ಎರಡು ಓದುಗಳನ್ನು ಬೇರೆ ಬೇರೆ ಮಾಡುವುದು. ಇದೊಂದು ಆಗದಿದ್ದರೆ ಎಷ್ಟು ಪುಸ್ತಕ ತಂದು ಕಪಾಟು ತುಂಬಿಸಿದರೂ ಮಗು ಅವುಗಳನ್ನು ಇನ್ನಷ್ಟು ಪಾಠ ಎಂದೇ ನೋಡುತ್ತದೆ ಎಂಬುದು ನನ್ನ ಖಚಿತ ಅಭಿಪ್ರಾಯ.

ಬೇರೆ ಮಾಡುವುದು ಎಂದರೆ ಹೊತ್ತು, ಜಾಗ, ಪುಸ್ತಕ ಮೂರನ್ನೂ ಬೇರೆ ಮಾಡುವುದು. ಹೋಂವರ್ಕ್ ಬರೆಯುವ ಮೇಜಿನ ಮುಂದೆಯೇ ಕಥೆಪುಸ್ತಕ ಹಿಡಿಸಬೇಡಿ. ಹಾಸಿಗೆಯೋ ಚಾಪೆಯೋ ಕಿಟಕಿಯ ಪಕ್ಕದ ಮೂಲೆಯೋ, ಮಗು ಆರಾಮವಾಗಿ ಒರಗಿಕೊಳ್ಳಬಹುದಾದ ಯಾವ ಜಾಗವಾದರೂ ಸಾಕು. ಹೋಂವರ್ಕ್ ಮುಗಿದ ಬೆನ್ನಿಗೇ ಓದಿಸುವುದಕ್ಕಿಂತ ನಡುವೆ ಆಟವೋ ಊಟವೋ ಆಗಲು ಬಿಡಿ. ಹೆಚ್ಚಿನ ಮನೆಗಳಲ್ಲಿ ಮಲಗುವ ಮುನ್ನದ ಹೊತ್ತು ಇದಕ್ಕೆ ಹೊಂದುತ್ತದೆ, ಏಕೆಂದರೆ ಅದು ಹೇಗೂ ದಿನವೂ ಬರುತ್ತದೆ ಮತ್ತು ಆಗ ಬೇರೆ ಅವಸರವಿರುವುದಿಲ್ಲ. ದಿನಕ್ಕೆ 15 ನಿಮಿಷ ಎಂದರೆ ಕಡಿಮೆ ಎನ್ನಿಸಬಹುದು, ಆದರೆ ವರ್ಷಕ್ಕೆ ಅದು 90 ಗಂಟೆ ದಾಟುತ್ತದೆ. ರಜೆಯ ದಿನ ಎರಡು ಗಂಟೆ ಕಟ್ಟಿಹಾಕಿದಂತೆ ಕೂರಿಸುವುದಕ್ಕಿಂತ ಈ 15 ನಿಮಿಷ ಎಷ್ಟೋ ಮೇಲು. ಇದರ ಜೊತೆಗೆ ಮಗುವಿಗೆ ಒಂದು ಮಾತು ಕೊಡಿ: ಈ ಹೊತ್ತಿನಲ್ಲಿ ಓದಿದ್ದರ ಬಗ್ಗೆ ಯಾರೂ ಪ್ರಶ್ನೆ ಕೇಳುವುದಿಲ್ಲ. ಕೊಟ್ಟ ಮೇಲೆ ಆ ಮಾತನ್ನು ಉಳಿಸಿಕೊಳ್ಳಿ.

ತೊಡಕು ಎಲ್ಲಿದೆ ಎಂದು ಮೊದಲು ನೋಡಿ

‘ನಮ್ಮ ಮಗುವಿಗೆ ಓದಿನಲ್ಲಿ ಆಸಕ್ತಿಯೇ ಇಲ್ಲ’ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಆಸಕ್ತಿ ಇಲ್ಲದಂತೆ ಕಾಣುವುದರ ಹಿಂದೆ ಬೇರೆ ಬೇರೆ ಕಾರಣಗಳಿರುತ್ತವೆ, ಒಂದಕ್ಕೆ ಮಾಡುವ ಉಪಾಯ ಇನ್ನೊಂದಕ್ಕೆ ನಾಟುವುದಿಲ್ಲ. 1986ರಲ್ಲಿ ಫಿಲಿಪ್ ಗಾಫ್ ಮತ್ತು ವಿಲಿಯಂ ಟನ್ಮರ್ ಎಂಬ ಸಂಶೋಧಕರು ಓದಿನ ಬಗ್ಗೆ ಸರಳವಾದ ಒಂದು ಸೂತ್ರ ಮುಂದಿಟ್ಟರು. ಅಕ್ಷರಗಳನ್ನು ಬಿಡಿಸಿ ಪದವಾಗಿ ಹೇಳುವ ಶಕ್ತಿ ಒಂದು, ಮಾತನ್ನು ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ ಇನ್ನೊಂದು. ಇವೆರಡರ ಗುಣಲಬ್ಧವೇ ಓದಿ ತಿಳಿಯುವ ಶಕ್ತಿ. ಕೂಡಿಸಿದ್ದಲ್ಲ, ಗುಣಿಸಿದ್ದು ಎಂಬುದನ್ನು ಗಮನಿಸಬೇಕು: ಎರಡರಲ್ಲಿ ಯಾವುದಾದರೂ ಒಂದು ಸೊನ್ನೆಯಾದರೆ ಫಲವೂ ಸೊನ್ನೆಯೇ.

ಇದನ್ನು ಮನೆಯಲ್ಲೇ ಪರೀಕ್ಷಿಸಿ ನೋಡಬಹುದು. ಮಗುವಿನ ತರಗತಿಗೆ ತಕ್ಕ ಕಥೆಯೊಂದರ ಒಂದು ಪುಟವನ್ನು ಮಗು ಗಟ್ಟಿಯಾಗಿ ಓದಲಿ, ಮುಂದಿನ ಪುಟವನ್ನು ನೀವು ಓದಿ ಹೇಳಿ. ನೀವು ಓದಿದ ಪುಟ ಚೆನ್ನಾಗಿ ಅರ್ಥವಾಗಿ, ತಾನೇ ಓದಿದ ಪುಟ ಅರ್ಥವಾಗದಿದ್ದರೆ ತೊಡಕಿರುವುದು ಅಕ್ಷರ ಬಿಡಿಸುವಲ್ಲಿ. ಅಂಥ ಮಗುವಿನ ಗಮನವೆಲ್ಲ ಒತ್ತಕ್ಷರಗಳಲ್ಲೇ ಸವೆದುಹೋಗಿ, ಸಾಲಿನ ಕೊನೆ ಮುಟ್ಟುವಷ್ಟರಲ್ಲಿ ಮೊದಲಿನದು ಮರೆತಿರುತ್ತದೆ. ಅದಕ್ಕೆ ಬೇಕಾದದ್ದು ತರಗತಿಗಿಂತ ಸುಲಭವಾದ ಪುಸ್ತಕ ಮತ್ತು ಒಂದೇ ಪುಟವನ್ನು ಎರಡು ಮೂರು ಸಲ ಓದುವ ಅವಕಾಶ. ನೀವು ಓದಿ ಹೇಳಿದರೂ ಅರ್ಥವಾಗದಿದ್ದರೆ ಆ ಪದಗಳೋ ವಿಷಯವೋ ಮಗುವಿಗೆ ಹೊಸದು. ಅಲ್ಲಿ ಬೇಕಾದದ್ದು ಹೆಚ್ಚು ಮಾತುಕತೆ, ನಿಮ್ಮ ಬಾಯಿಂದ ಹೆಚ್ಚು ಕಥೆ. ಎರಡೂ ಸರಿಯಿದ್ದು, ಆದರೂ ಮಗು ಪುಸ್ತಕ ಮುಟ್ಟದಿದ್ದರೆ ಆಗ ಮಾತ್ರ ಅದು ಆಸಕ್ತಿಯ ಪ್ರಶ್ನೆ, ಬಹುಮಟ್ಟಿಗೆ ಪುಸ್ತಕದ ಆಯ್ಕೆಯ ಪ್ರಶ್ನೆ.

ತಡವರಿಸಿದಾಗ ಏನು ಮಾಡಬೇಕು

ಮಗು ಗಟ್ಟಿಯಾಗಿ ಓದುವಾಗ ಪಕ್ಕದಲ್ಲಿ ಕೂತವರು ನಡೆದುಕೊಳ್ಳುವ ರೀತಿಯ ಮೇಲೆ ಬಹಳಷ್ಟು ನಿಂತಿದೆ. ಎಂಟು ವರ್ಷದ ಹುಡುಗಿಯೊಬ್ಬಳು ಸಾಲಿನ ಕೆಳಗೆ ಬೆರಳಿಟ್ಟು ಓದುತ್ತಿದ್ದಾಳೆ ಎಂದುಕೊಳ್ಳಿ. ‘ಕಾಡು ನಿ...’ ಎಂದು ಬೆರಳು ನಿಂತಿತು. ಪದ ‘ನಿಶ್ಶಬ್ದವಾಗಿತ್ತು’ ಎಂದು. ಪಕ್ಕದಲ್ಲಿದ್ದವರ ನಾಲಗೆಯ ತುದಿಗೆ ಉತ್ತರ ಬಂದಿರುತ್ತದೆ, ಇಲ್ಲವೇ ‘ನಿನ್ನೆ ತಾನೇ ಹೇಳಿಕೊಟ್ಟೆನಲ್ಲ’ ಎಂಬ ಮಾತು ಬಂದಿರುತ್ತದೆ. ಎರಡನ್ನೂ ತಡೆದು ಮನಸ್ಸಿನಲ್ಲೇ ನಾಲ್ಕರವರೆಗೆ ಎಣಿಸಿ. ಅಷ್ಟರಲ್ಲಿ ಅನೇಕ ಸಲ ಅವಳೇ ‘ನಿಶ್... ನಿಶ್ಶಬ್ದ’ ಎಂದು ಹೇಳಿಕೊಂಡು, ಹಿಂದಕ್ಕೆ ಬಂದು, ಇಡೀ ವಾಕ್ಯವನ್ನು ಮತ್ತೆ ಓದುತ್ತಾಳೆ. ಹೇಳಲಾಗದಿದ್ದರೆ ನೀವು ಪದವನ್ನು ಪೂರ್ತಿಯಾಗಿ, ಸಾಮಾನ್ಯ ದನಿಯಲ್ಲಿ ಹೇಳಿ. ಅವಳು ಒಮ್ಮೆ ಅದನ್ನು ಹೇಳಲಿ, ಕಥೆ ಮುಂದೆ ಸಾಗಲಿ. ಅಕ್ಷರ ಬಿಡಿಸಿ ಕಲಿಸುವ ಪಾಠಕ್ಕೆ ಇದು ಹೊತ್ತಲ್ಲ. ‘ಹೋದನು’ ಎಂದಿರುವಲ್ಲಿ ‘ಹೋದ’ ಎಂದು ಓದಿದರೆ ಅರ್ಥ ಕೆಡುವುದಿಲ್ಲ, ಅದನ್ನು ತಿದ್ದಲು ಹೋಗಬೇಡಿ. ಪುಟವೊಂದರಲ್ಲಿ ಹೀಗೆ ಐದಾರು ಕಡೆ ಬೆರಳು ನಿಂತರೆ ಆ ಪುಸ್ತಕ ಒಬ್ಬಳೇ ಓದಲು ಇನ್ನೂ ಕಷ್ಟವೆಂದು ತಿಳಿದು, ಅದನ್ನು ನೀವು ಓದಿ ಹೇಳುವ ಪುಸ್ತಕಗಳ ಸಾಲಿಗೆ ಸೇರಿಸಿ.

ಪುಟಗಳನ್ನು ಹಂಚಿಕೊಂಡು ಓದುವುದೂ ಒಳ್ಳೆಯ ಉಪಾಯ. ಎಡಪುಟ ಮಗುವಿಗೆ, ಬಲಪುಟ ನಿಮಗೆ. ಇಬ್ಬರೂ ಒಟ್ಟಿಗೆ ದನಿಗೂಡಿಸಿ ಶುರುಮಾಡಿ, ಮಗುವಿಗೆ ಧೈರ್ಯ ಬಂದೊಡನೆ ನೀವು ಸುಮ್ಮನಾಗುವುದು ಇನ್ನೊಂದು ಬಗೆ. ಹಿಂಜರಿಯುವ ಮಕ್ಕಳಿಗೆ ಇದು ವಿಶೇಷವಾಗಿ ಹಿಡಿಸುತ್ತದೆ.

ಓದಲು ಬಂದ ಮೇಲೂ ಓದಿ ಹೇಳಿ

ಮಗು ತಾನೇ ಓದಲು ಕಲಿತೊಡನೆ ದೊಡ್ಡವರು ಓದಿ ಹೇಳುವುದನ್ನು ನಿಲ್ಲಿಸಿಬಿಡುತ್ತಾರೆ. ಇದು ನನಗೆ ನಿಜವಾಗಿಯೂ ಬೇಸರ ತರುವ ಸಂಗತಿ. ಪ್ರಾಥಮಿಕ ತರಗತಿಗಳುದ್ದಕ್ಕೂ ಮಕ್ಕಳು ತಾವೇ ಓದಿ ತಿಳಿಯಬಲ್ಲದ್ದಕ್ಕಿಂತ ಕಠಿಣವಾದುದನ್ನು ಕೇಳಿ ತಿಳಿಯಬಲ್ಲರು. ಮೂರನೇ ತರಗತಿಯ ಮಗು ತಾನಾಗಿ ಓದಲಾಗದ ದೊಡ್ಡ ಕಥೆಯನ್ನು ನಿಮ್ಮ ದನಿಯಲ್ಲಿ ಕೇಳಿ ಪೂರ್ತಿ ಸವಿಯುತ್ತದೆ, ಮುಂದೊಂದು ದಿನ ಅಂಥದ್ದನ್ನೇ ಓದಬೇಕೆಂಬ ಆಸೆಯೂ ಅದಕ್ಕೆ ಅಲ್ಲಿಂದಲೇ ಹುಟ್ಟುತ್ತದೆ.

ಇದರಲ್ಲಿ ಇನ್ನೊಂದು ಲಾಭವಿದೆ. 1988ರಲ್ಲಿ ಡೊನಾಲ್ಡ್ ಹೇಯ್ಸ್ ಮತ್ತು ಮಾರ್ಗರೆಟ್ ಅಹ್ರೆನ್ಸ್ ಎಂಬ ಸಂಶೋಧಕರು ಇಂಗ್ಲಿಷ್ ಪುಸ್ತಕಗಳನ್ನೂ ಆಡುಮಾತನ್ನೂ ಹೋಲಿಸಿ ನೋಡಿದಾಗ, ಕಾಲೇಜು ಓದಿದ ವಯಸ್ಕರು ತಮ್ಮತಮ್ಮಲ್ಲಿ ಆಡುವ ಮಾತಿನಲ್ಲಿ ಸಾವಿರ ಪದಕ್ಕೆ ಸುಮಾರು 17 ಅಪರೂಪದ ಪದಗಳಿದ್ದರೆ, ಮಕ್ಕಳ ಪುಸ್ತಕಗಳಲ್ಲಿ ಸುಮಾರು 31 ಇದ್ದವು. ಮನೆಯವರು ಎಷ್ಟೇ ವಿದ್ಯಾವಂತರಾಗಿದ್ದರೂ ದಿನದ ಮಾತುಕತೆಯಲ್ಲಿ ಬಾರದ ಪದಗಳು ಪುಸ್ತಕದಿಂದಲೇ ಮಗುವಿನ ಕಿವಿಗೆ ಬೀಳಬೇಕು. ಓದಿ ಹೇಳುವಾಗ ಪ್ರತಿ ಪದಕ್ಕೂ ಅರ್ಥ ವಿವರಿಸುತ್ತ ಕೂರುವುದು ಬೇಡ. ಹೆಚ್ಚಿನವು ಕಥೆಯ ಓಟದಲ್ಲೇ ತಿಳಿಯುತ್ತವೆ, ಮಗು ಕೇಳಿದರೆ ಹೇಳಿದರಾಯಿತು. ಅಧ್ಯಾಯ ಮುಗಿಯುವ ಮುನ್ನವೇ, ಮುಂದೇನಾಯಿತೋ ಎಂಬ ಕುತೂಹಲದ ಜಾಗದಲ್ಲಿ ಪುಸ್ತಕ ಮುಚ್ಚಿ ಅಲ್ಲೇ ಬಿಟ್ಟುಹೋಗಿ. ಕೆಲವು ಮಕ್ಕಳು ಬೆಳಗಾಗುವವರೆಗೆ ಕಾಯುವುದಿಲ್ಲ.

ಮಗುವೇ ಆರಿಸಲಿ

ಡೈನೋಸಾರ್‌ಗಳ ಚಿತ್ರಪುಸ್ತಕ, ಕಾಮಿಕ್ಸ್, ನಗೆಹನಿಗಳ ಸಂಗ್ರಹ, ರೈಲು ಎಂಜಿನ್ ಹೇಗೆ ಓಡುತ್ತದೆ ಎಂದು ಹೇಳುವ ಪುಸ್ತಕ, ಇವೆಲ್ಲವೂ ಓದೇ. ಗ್ರಂಥಾಲಯಕ್ಕೆ ಕರೆದುಕೊಂಡು ಹೋದರೆ ಮಗು ನಾಲ್ಕು ಪುಸ್ತಕ ಆರಿಸಲಿ, ನಿಮ್ಮ ಆಯ್ಕೆಯದು ಒಂದಿರಲಿ, ಅದನ್ನು ಓದಲೇಬೇಕೆಂಬ ಕಟ್ಟುಪಾಡು ಬೇಡ. ಓದಿದ್ದನ್ನೇ ಹತ್ತನೇ ಸಲ ಓದಿದರೆ ತಡೆಯಬೇಡಿ, ಓಘ ಬರುವುದು ಹಾಗೆಯೇ. ಇಷ್ಟವಾಗದ ಪುಸ್ತಕವನ್ನು ಅರ್ಧಕ್ಕೆ ಬಿಡುವ ಸ್ವಾತಂತ್ರ್ಯ ದೊಡ್ಡವರಿಗೆ ಇರುವಷ್ಟೇ ಮಕ್ಕಳಿಗೂ ಇರಬೇಕು.

ಬಹುಮಾನದ ವಿಷಯದಲ್ಲಿ ಎಚ್ಚರ ಬೇಕು. 1973ರಲ್ಲಿ ಪ್ರಕಟವಾದ ಮನೋವಿಜ್ಞಾನಿ ಮಾರ್ಕ್ ಲೆಪ್ಪರ್ ಮತ್ತು ಸಂಗಡಿಗರ ಪ್ರಯೋಗದಲ್ಲಿ, ಚಿತ್ರ ಬಿಡಿಸುವುದನ್ನು ಇಷ್ಟಪಡುತ್ತಿದ್ದ ಪುಟ್ಟ ಮಕ್ಕಳ ಒಂದು ಗುಂಪಿಗೆ ಚಿತ್ರ ಬಿಡಿಸಿದರೆ ಪ್ರಶಸ್ತಿಪತ್ರ ಕೊಡುವುದಾಗಿ ಮೊದಲೇ ಹೇಳಲಾಗಿತ್ತು. ಕೆಲವು ದಿನಗಳ ಬಳಿಕ ನೋಡಿದಾಗ ಆ ಮಕ್ಕಳು ಉಳಿದವರು ಚಿತ್ರಕ್ಕೆ ಕೊಟ್ಟ ಹೊತ್ತಿನ ಅರ್ಧದಷ್ಟನ್ನು ಮಾತ್ರ ಕೊಡುತ್ತಿದ್ದರು. ಮುನ್ಸೂಚನೆ ಇಲ್ಲದೆ ಬಹುಮಾನ ಪಡೆದ ಮಕ್ಕಳಲ್ಲಿ ಹಾಗಾಗಲಿಲ್ಲ. ಅದು ಚಿತ್ರದ ಮಾತು, ಆದರೆ ಓದಿನಲ್ಲೂ ನಾನು ಇದನ್ನೇ ಪಾಲಿಸುತ್ತೇನೆ. ‘ಹತ್ತು ಪುಟ ಓದಿದರೆ ಅರ್ಧ ಗಂಟೆ ಮೊಬೈಲ್’ ಎಂದೊಡನೆ ಓದು ತೆರಬೇಕಾದ ಬೆಲೆಯಾಗುತ್ತದೆ, ಮೊಬೈಲ್ ಸಿಗುವ ಸುಖವಾಗುತ್ತದೆ. ಓದಿಸುವುದನ್ನು ಶಿಕ್ಷೆಯಾಗಿಯಂತೂ ಎಂದಿಗೂ ಬಳಸಬಾರದು. ಏನಾದರೂ ಕೊಡಲೇಬೇಕೆನ್ನಿಸಿದರೆ, ಮಗು ಮೆಚ್ಚಿದ ಪುಸ್ತಕದ ಮುಂದಿನ ಭಾಗವನ್ನು ಮುನ್ಸೂಚನೆ ಇಲ್ಲದೆ ತಂದುಕೊಡಿ.

ನೀವೂ ಓದಿ, ಮಗುವಿಗೆ ಕಾಣುವಂತೆ ಓದಿ. ಮೊಬೈಲಿನಲ್ಲಿ ನೀವು ಗಂಭೀರವಾದ ಲೇಖನವನ್ನೇ ಓದುತ್ತಿರಬಹುದು, ಆದರೆ ಎದುರಿಗೆ ಕೂತ ಮಗುವಿಗೆ ಕಾಣುವುದು ಮೊಬೈಲ್ ನೋಡುತ್ತಿರುವ ಅಪ್ಪ ಅಥವಾ ಅಮ್ಮ ಮಾತ್ರ. ಆ 15 ನಿಮಿಷವಾದರೂ ಕಾಗದದ ಪುಸ್ತಕವಿರಲಿ, ಮೊಬೈಲ್ ಬೇರೆ ಕೋಣೆಯಲ್ಲಿರಲಿ. ‘ಕಥೆಯಿಂದ ಏನು ಕಲಿತೆ?’ ಎಂದು ಕೇಳುವ ಬದಲು ‘ಆ ಮುದುಕ ಬಾಗಿಲು ಹಾಕಿಕೊಂಡದ್ದು ನನಗೆ ಯಾಕೋ ಸರಿ ಕಾಣಲಿಲ್ಲ’ ಎಂದು ನಿಮ್ಮ ಅನಿಸಿಕೆ ಹೇಳಿ ಸುಮ್ಮನಿರಿ. ಮಗುವಿಗೆ ಹೇಳಲು ಏನಾದರೂ ಇದ್ದರೆ ತಾನಾಗಿ ಹೇಳುತ್ತದೆ.

ಇಷ್ಟೆಲ್ಲ ಮಾಡಿದ ಮೇಲೂ, ತಿಂಗಳುಗಟ್ಟಲೆ ಅಭ್ಯಾಸವಾದ ಮೇಲೂ ಮಗು ಸರಳ ಪದಗಳಲ್ಲೇ ತಡವರಿಸುತ್ತಿದ್ದರೆ, ಸಾಲು ತಪ್ಪಿಸುತ್ತಿದ್ದರೆ, ನಿನ್ನೆ ಗುರುತಿಸಿದ ಅಕ್ಷರವನ್ನು ಇಂದು ಗುರುತಿಸದಿದ್ದರೆ ಮೊದಲು ಕಣ್ಣು ಮತ್ತು ಕಿವಿ ತೋರಿಸಿ, ಅನಂತರ ಶಿಕ್ಷಕರೊಂದಿಗೆ ಮಾತನಾಡಿ ಕಲಿಕೆಯ ತೊಂದರೆಗಳನ್ನು ಬಲ್ಲ ತಜ್ಞರ ಬಳಿಗೆ ಕರೆದೊಯ್ಯಿರಿ. ಡಿಸ್ಲೆಕ್ಸಿಯಾ, ಅಂದರೆ ಅಕ್ಷರ ಬಿಡಿಸಿ ಓದುವುದರಲ್ಲೇ ಕಾಡುವ ಕಲಿಕೆಯ ತೊಂದರೆ, ಇರುವ ಮಕ್ಕಳು ಸೋಮಾರಿಗಳೂ ಅಲ್ಲ, ದಡ್ಡರೂ ಅಲ್ಲ. ಅವರಿಗೆ ಅಕ್ಷರ ಮತ್ತು ಧ್ವನಿಯ ನಂಟನ್ನು ಹಂತಹಂತವಾಗಿ, ತಾಳ್ಮೆಯಿಂದ ಕಲಿಸಬೇಕಾಗುತ್ತದೆ, ಅದು ಬೇಗ ಶುರುವಾದಷ್ಟೂ ಒಳ್ಳೆಯದು. ಆ ದಿನಗಳಲ್ಲಿಯೂ ರಾತ್ರಿ ಓದಿ ಹೇಳುವುದನ್ನು ನಿಲ್ಲಿಸಬೇಡಿ. ನೀವು ಓದುತ್ತಿರುವಾಗ ಪುಸ್ತಕ ಇಬ್ಬರ ನಡುವೆ ತೆರೆದಿರಲಿ, ಮಗುವಿಗೆ ಮನಸ್ಸಾದರೆ ನಿಮ್ಮ ದನಿಯ ಜೊತೆಜೊತೆಗೆ ಸಾಲಿನ ಕೆಳಗೆ ಬೆರಳಾಡಿಸಲಿ.