ಪಾಸ್‌ಪೋರ್ಟಿಗೊಂದು ಸರ್‌ನೇಮ್: ಅಮೆರಿಕದಲ್ಲಿದ್ದುಕೊಂಡೇ ಮಾಡಿಸಿದ ಅನುಭವ

ನಮ್ಮ ಮನೆಯಲ್ಲಿ ಯಾರಿಗೂ ಸರ್‌ನೇಮ್ ಇಲ್ಲ. ಹೆಸರಿನ ಮುಂದೆ ಎರಡು ಇನಿಶಿಯಲ್, ಒಂದು ಊರಿನದು, ಇನ್ನೊಂದು ಅಪ್ಪನದು, ಅಷ್ಟೇ. ಶಾಲೆ, ಕಾಲೇಜು, ಬೆಂಗಳೂರಿನ ಮೊದಲ ಕೆಲಸ ಎಲ್ಲ ಇದರಲ್ಲೇ ನಡೆದುಹೋಯಿತು. ಪಾಸ್‌ಪೋರ್ಟ್ ಮಾಡಿಸುವಾಗ ಇನಿಶಿಯಲ್ ನಡೆಯಲ್ಲ, ಬಿಡಿಸಿ ಬರೆಯಬೇಕು ಅಂದರು. ನಾನು ದೊಡ್ಡ ಜಾಣನ ಹಾಗೆ ಎರಡನ್ನೂ ಬಿಟ್ಟು ಬರೀ ಹೆಸರು ಬರೆದೆ. ಸರ್‌ನೇಮ್ ಕಾಲಂ ಖಾಲಿ. ಆಗ ಯಾರೂ ಏನೂ ಕೇಳಲಿಲ್ಲ.

ಪಡಿಪಾಟಲು ಶುರುವಾಗಿದ್ದು ಅಮೆರಿಕದ ವೀಸಾ ಬಂದ ಮೇಲೆ. ಇದ್ದ ಒಂದೇ ಹೆಸರನ್ನು ಎತ್ತಿ ಸರ್‌ನೇಮ್ ಜಾಗದಲ್ಲಿ ಕೂರಿಸಿ, ಹೆಸರಿನ ಜಾಗದಲ್ಲಿ 'ಎಫ್‌ಎನ್‌ಯು' ಅಂತ ಅಚ್ಚು ಹಾಕಿದ್ದರು. ಫಸ್ಟ್ ನೇಮ್ ಅನ್‌ನೋನ್. ಅಂದರೆ ಹೆಸರು ಗೊತ್ತಿಲ್ಲ! ಅದೇ ಡ್ರೈವಿಂಗ್ ಲೈಸೆನ್ಸಿಗೂ ಹೋಯಿತು, ಇನ್ಶೂರೆನ್ಸ್ ಕಾರ್ಡಿಗೂ ಹೋಯಿತು. ಔಷಧಿ ತರಲು ಹೋದಾಗ ಕೌಂಟರಿನ ಹುಡುಗಿ "ಮಿಸ್ಟರ್ ಫನೂ?" ಅಂತ ಕೂಗಿದಳು. ಯಾರಪ್ಪ ಈ ಫನೂ ಅಂತ ನಾನೂ ಹಿಂದೆ ತಿರುಗಿ ನೋಡಿದೆ. ಹಿಂದೆ ಯಾರೂ ಇರಲಿಲ್ಲ.

ಇದನ್ನೆಲ್ಲ ನಗುತ್ತಾ ಸಹಿಸಿಕೊಂಡಿದ್ದೆ. 2022ರ ನವೆಂಬರಿನಲ್ಲಿ ಯುಎಇ ಒಂದು ನಿಯಮ ತಂದಿತು. ಪಾಸ್‌ಪೋರ್ಟಿನಲ್ಲಿ ಒಂದೇ ಹೆಸರಿದ್ದವರು ವಿಸಿಟ್ ವೀಸಾದಲ್ಲಿ ಬರುವ ಹಾಗಿಲ್ಲ ಅಂತ. ನಾವು ಊರಿಗೆ ಹೋಗುವಾಗ ದುಬೈನಲ್ಲಿ ಮೂರು ದಿನ ಇಳಿಯುವ ಪ್ಲಾನ್ ಹಾಕಿದ್ದೆವು. ತಂದೆಯ ಹೆಸರು ಪುಸ್ತಕದ ಕೊನೆಯ ಪುಟದಲ್ಲಿದ್ದರೆ ಕೆಲವರಿಗೆ ನಡೆಯುತ್ತದೆ ಅಂತ ಆಮೇಲೆ ಸ್ವಲ್ಪ ಸಡಿಲ ಮಾಡಿದರು ಅನ್ನಿ. ಆದರೆ ಅಷ್ಟರಲ್ಲಿ ನನಗೆ ಸಾಕಾಗಿತ್ತು. ಇನ್ನು ಇದನ್ನು ಸರಿ ಮಾಡಿಸಿಯೇ ಬಿಡಬೇಕು ಅಂತ ಕೂತೆ.

ಮೊದಲ ಪ್ರಶ್ನೆ, ಸರ್‌ನೇಮ್ ಅಂತ ಏನಿಡೋದು? ಅಪ್ಪನಿಗೆ ಫೋನ್ ಮಾಡಿದೆ.

"ಊರ ಹೆಸರು ಹಾಕ್ಕೋ ಮಗಾ, ಊರೂ ಉಳಿಯುತ್ತೆ" ಅಂದರು ಅಪ್ಪ. ಹಿಂದಿನಿಂದ ಚಿಕ್ಕಪ್ಪನ ದನಿ, "ಸುಮ್ನೆ ಗೌಡ ಅಂತ ಹಾಕು, ಎಲ್ಲರಿಗೂ ಗೊತ್ತಾಗುತ್ತೆ."

ಎಲ್ಲರಿಗೂ ಗೊತ್ತಾಗೋದು ಬೇಡ ಅಂತಲೇ ನಾನು ಅದನ್ನು ಬಿಟ್ಟೆ. ಅದಿರಲಿ, ಇದರಲ್ಲಿ ಕಾಗದಪತ್ರದ ಲೆಕ್ಕವೂ ಇದೆ. ನನ್ನ ಎಸ್‌ಎಸ್‌ಎಲ್‌ಸಿ ಅಂಕಪಟ್ಟಿಯಲ್ಲಿ ಗೌಡ ಅಂತ ಎಲ್ಲೂ ಇಲ್ಲ. ಅಪ್ಪನ ಹೆಸರು ಇನಿಶಿಯಲ್ಲಿನಲ್ಲೂ ಇದೆ, ಪಾಸ್‌ಪೋರ್ಟಿನ ಕೊನೆಯ ಪುಟದಲ್ಲಿ ತಂದೆಯ ಹೆಸರು ಅಂತಲೂ ಇದೆ. ನಾಳೆ ಯಾರಾದರೂ "ಇವರಿಬ್ಬರೂ ಒಬ್ಬರೇನಾ?" ಅಂತ ಕೇಳಿದರೆ ತೋರಿಸಲು ಏನೋ ಒಂದು ಇರುತ್ತದೆ. ನಿಮಗೂ ಇದೇ ಪರಿಸ್ಥಿತಿ ಇದ್ದರೆ ಹೊಸದೇನನ್ನೂ ಹುಡುಕಬೇಡಿ, ಇನಿಶಿಯಲ್ಲಿನಲ್ಲಿ ಇರೋದನ್ನೇ ಬಿಡಿಸಿ ಇಟ್ಟುಕೊಳ್ಳಿ. ಅಪ್ಪನ ಹೆಸರು ಅಂದಾಗ ಅಪ್ಪ ಫೋನಿನಲ್ಲಿ ಸ್ವಲ್ಪ ಹೊತ್ತು ಮಾತಾಡಲಿಲ್ಲ. ಆಮೇಲೆ "ಸ್ಪೆಲಿಂಗ್ ಸರಿಯಾಗಿ ಬರಿ" ಅಂದರು.

ಇಲ್ಲೊಂದು ವ್ಯತ್ಯಾಸ ತಿಳಿದಿರಲಿ. ನಿಮ್ಮ ಹೆಸರು ಮತ್ತು ಅಪ್ಪನ ಹೆಸರು ಎರಡೂ ಗಿವನ್ ನೇಮ್ ಕಾಲಂನಲ್ಲೇ ಒಟ್ಟಿಗೆ ಇದ್ದರೆ ಅದನ್ನು ಎರಡು ಭಾಗ ಮಾಡಿಸಿದರೆ ಆಯಿತು, ಅಷ್ಟು ಕಷ್ಟವಿಲ್ಲ. ನನ್ನ ಹಾಗೆ ಇಲ್ಲದ್ದನ್ನು ಸೇರಿಸುವುದಾದರೆ ಅದು ಹೆಸರು ಬದಲಾವಣೆ. ಅಫಿಡವಿಟ್ ಬೇಕು, ಎರಡು ಪತ್ರಿಕೆಯಲ್ಲಿ ಜಾಹೀರಾತು ಬೇಕು. ಊರಿನ ವಿಳಾಸದ ಕಡೆಯದು ಒಂದು, ಈಗ ಇರುವ ಕಡೆಯದು ಇನ್ನೊಂದು.

ಇಲ್ಲಿನ ಜಾಹೀರಾತು ಆನ್‌ಲೈನಿನಲ್ಲೇ ಮುಗಿಯಿತು. ಅಫಿಡವಿಟ್‌ಗೆ ನನ್ನ ಬ್ಯಾಂಕಿನಲ್ಲೇ ನೋಟರಿ ಇದ್ದರು. ಅವರ ಎದುರಿಗೇ ಸಹಿ ಮಾಡಬೇಕು, ಮನೆಯಲ್ಲೇ ಸಹಿ ಹಾಕಿಕೊಂಡು ಹೋದರೆ ಒಪ್ಪಲ್ಲ. ಊರಿನ ಜಾಹೀರಾತನ್ನು ಅಪ್ಪನಿಗೆ ವಹಿಸಿದೆ. ಎರಡು ವಾರದಲ್ಲಿ ಕೊರಿಯರ್ ಬಂತು. ಬಿಚ್ಚಿದರೆ, ಎರಡು ಬೆರಳಗಲದ ಜಾಹೀರಾತನ್ನು ಅಪ್ಪ ಕತ್ತರಿಯಲ್ಲಿ ಅಂಚು ನೇರವಾಗಿ ಕತ್ತರಿಸಿ, ಬಿಳಿ ಹಾಳೆಗೆ ಅಂಟಿಸಿ, ಕೆಳಗೆ ಪೆನ್ನಿನಲ್ಲಿ ತಾರೀಕು ಬರೆದು ಕಳಿಸಿದ್ದಾರೆ! ಎಷ್ಟು ಚೆಂದ ಇತ್ತೆಂದರೆ ನಾನೂ ಏನೂ ಯೋಚಿಸದೆ ಅರ್ಜಿಯ ಜೊತೆ ಸೇರಿಸಿಬಿಟ್ಟೆ. ಪತ್ರಿಕೆಯ ಹೆಸರು, ತಾರೀಕು ಕಾಣುವ ಇಡೀ ಪುಟ ಬೇಕು, ಅಲ್ಲಿಯವರೆಗೆ ಅರ್ಜಿ ತಡೆದಿದ್ದೇವೆ ಅಂತ ಮೇಲ್ ಬಂತು.

ಅಷ್ಟರಲ್ಲಿ ತಿಂಗಳಾಗಿತ್ತು. ಮನೆಯ ಪೇಪರು ರದ್ದಿಗೆ ಹೋಗಿತ್ತು. ಅಪ್ಪ ಲೈಬ್ರರಿಗೆ ಹೋದರು, ಅಲ್ಲಿ ಕೊಡಲ್ಲ ಅಂದರು. ಕ್ಷೌರದಂಗಡಿಗೆ ಹೋದರು. ಕೊನೆಗೆ ರದ್ದಿ ಅಂಗಡಿಯಲ್ಲಿ ಕೂತು ಒಂದು ಬೆಳಿಗ್ಗೆ ಪೂರ್ತಿ ಕಟ್ಟು ಬಿಚ್ಚಿ ಬಿಚ್ಚಿ ಹುಡುಕಿ ಆ ದಿನದ ಪೇಪರು ಎರಡು ಪ್ರತಿ ತಂದರಂತೆ. "ಒಂದು ನಿನಗೆ, ಒಂದು ನನಗೆ" ಅಂದರು. ನೀವು ಜಾಹೀರಾತು ಬಂದ ದಿನವೇ ನಾಲ್ಕೈದು ಪ್ರತಿ ಕೊಂಡಿಟ್ಟುಕೊಳ್ಳಿ.

ಅರ್ಜಿ ತುಂಬುವುದು ಎರಡು ಕಡೆ. ಮೊದಲು ಸರ್ಕಾರದ ಪಾಸ್‌ಪೋರ್ಟ್ ಸೇವಾ ಸೈಟಿನಲ್ಲಿ, ಆಮೇಲೆ ದೂತಾವಾಸದ ಪರವಾಗಿ ಅರ್ಜಿ ತೆಗೆದುಕೊಳ್ಳುವ ಖಾಸಗಿ ಕಂಪನಿ ವಿಎಫ್‌ಎಸ್‌ನಲ್ಲಿ. ನಾನಿರುವುದು ಟೆಕ್ಸಸ್, ಹಾಗಾಗಿ ಹೂಸ್ಟನ್‌ನ ಭಾರತೀಯ ದೂತಾವಾಸದ ವ್ಯಾಪ್ತಿಗೆ ಬರುತ್ತೇನೆ. ಹೆಸರಷ್ಟೇ ತಿದ್ದಿ ಕೊಡುವ ಪದ್ಧತಿ ಇಲ್ಲ. ಅರ್ಜಿಯಲ್ಲಿ 'ರೀ-ಇಶ್ಯೂ' ಅಂತಲೇ ಹಾಕಬೇಕು, ಹೊಸ ಪುಸ್ತಕ, ಹೊಸ ನಂಬರ್. ಕಾರಣ ಕೇಳುವ ಕಡೆ ವೈಯಕ್ತಿಕ ವಿವರದ ಬದಲಾವಣೆ ಅನ್ನೋದನ್ನು ಆರಿಸಬೇಕು. ಬೇರೆ ಹೆಸರಿನಿಂದ ಕರೆಯುತ್ತಾರಾ ಅಂತ ಒಂದು ಪ್ರಶ್ನೆ, ಯಾವಾಗಾದರೂ ಹೆಸರು ಬದಲಾಯಿಸಿದ್ದೀರಾ ಅಂತ ಇನ್ನೊಂದು ಪ್ರಶ್ನೆ ಇರುತ್ತವೆ. ನಾನು ಮೊದಲನೆಯದಕ್ಕೆ ಇಲ್ಲ, ಎರಡನೆಯದಕ್ಕೆ ಹೌದು ಅಂತ ಹಾಕಿದೆ. ಎಫ್‌ಎನ್‌ಯು ಅಂತ ಎಲ್ಲೂ ಬರೆಯಲಿಲ್ಲ, ಅದು ನನ್ನ ಹೆಸರೇ ಅಲ್ವಲ್ಲ.

ಹೊಸ ಪುಸ್ತಕದ ಜೊತೆ ಹಳೆಯದೂ ರದ್ದಾಗಿ, ಮೂಲೆ ಕತ್ತರಿಸಿಕೊಂಡು ವಾಪಸ್ ಬಂತು. ಅದನ್ನು ಎಲ್ಲೋ ಬಿಸಾಕಬೇಡಿ. ಅವಧಿ ಇರುವ ವೀಸಾ ಅದರಲ್ಲೇ ಇರುತ್ತದೆ, ಎರಡನ್ನೂ ಒಟ್ಟಿಗೆ ಇಟ್ಟುಕೊಂಡೇ ಓಡಾಡಬೇಕು. ವಿಮಾನದ ಟಿಕೆಟ್ ಮಾತ್ರ ಹೊಸ ಹೆಸರಿನಲ್ಲಿ.

ಆಮೇಲಿನ ಕೆಲಸದಲ್ಲಿ ನಾನು ಎಡವಿದ್ದು ಯಾವುದರ ನಂತರ ಯಾವುದು ಅನ್ನೋದರಲ್ಲಿ. ಹೊಸ ಪಾಸ್‌ಪೋರ್ಟ್ ಹಿಡಿದು ಸೀದಾ ಲೈಸೆನ್ಸ್ ಕಚೇರಿಗೆ ಹೋದೆ. ಸೋಶಿಯಲ್ ಸೆಕ್ಯುರಿಟಿಯಲ್ಲಿ, ಅಂದರೆ ಇಲ್ಲಿ ಕೆಲಸ ಮಾಡುವವರಿಗೆಲ್ಲ ಒಂದು ನಂಬರ್ ಕೊಡುವ ಸರ್ಕಾರಿ ಕಚೇರಿಯಲ್ಲಿ, ಮೊದಲು ಬದಲಾಗಲಿ ಅಂದರು. ಅಲ್ಲಿಗೆ ಹೋದರೆ, ಇಮಿಗ್ರೇಶನ್ ಕಾಗದದಲ್ಲಿ ಹೊಸ ಹೆಸರು ಎಲ್ಲಿದೆ ಅಂದರು. ಎರಡು ದಿನ ರಜೆ ದಂಡ. ಊರಿಗೆ ಹೋದಾಗ ಹೊಸ ಹೆಸರಿನಲ್ಲಿ ವೀಸಾ ಹಾಕಿಸಿಕೊಂಡು, ವಾಪಸ್ ಬರುವಾಗ ಐ-94 (ಅಮೆರಿಕದೊಳಗೆ ಬಂದದ್ದಕ್ಕೆ ಸಿಗುವ ದಾಖಲೆ) ಹೊಸ ಹೆಸರಿನಲ್ಲಿ ಆಯಿತು. ಅದಾದ ಮೇಲೆ ಸೋಶಿಯಲ್ ಸೆಕ್ಯುರಿಟಿ, ಅದಾದ ಮೇಲೆ ಲೈಸೆನ್ಸ್, ಹೀಗೆ ಒಂದೊಂದೇ ಸರಿಹೋದವು. ನಿಮ್ಮ ವೀಸಾ ಕಾಗದಪತ್ರ ನೋಡಿಕೊಳ್ಳುವ ಕಂಪನಿಯ ವಕೀಲರಿಗೆ ಮಾತ್ರ ಮೊದಲ ದಿನವೇ ಹೇಳಿಬಿಡಿ.

ಪ್ಯಾನ್ ಕಾರ್ಡಿನ ಕಥೆ ಉಲ್ಟಾ. ಅದರ ಅರ್ಜಿಯಲ್ಲಿ ಸರ್‌ನೇಮ್ ಖಾಲಿ ಬಿಡುವ ಹಾಗೇ ಇಲ್ಲ, ಹಾಗಾಗಿ ಅಲ್ಲೂ ನನ್ನ ಹೆಸರೇ ಸರ್‌ನೇಮ್ ಆಗಿ ಕೂತಿತ್ತು. ತಿದ್ದುಪಡಿ ಅರ್ಜಿ ಹಾಕಿ ಸರಿ ಮಾಡಿಸಿದೆ. ಈಗ ಉಳಿದಿರೋದು ಆಧಾರ್. ಅದರಲ್ಲಿ ಹೆಸರು ತಿದ್ದಲು ಜೀವನಪೂರ್ತಿ ಎರಡೇ ಸಲ ಅವಕಾಶ, ಒಂದನ್ನು ಹಿಂದೆಯೇ ಒಂದು ಅಕ್ಷರದ ತಪ್ಪಿಗೆ ಖರ್ಚು ಮಾಡಿಕೊಂಡಿದ್ದೇನೆ. ಮುಂದಿನ ಸಲ ಊರಿಗೆ ಹೋದಾಗ ಅಪ್ಪನನ್ನೂ ಕರೆದುಕೊಂಡು ಹೋಗುತ್ತೇನೆ, ಅವರ ಹೆಸರಿನ ಸ್ಪೆಲಿಂಗ್ ಅವರೇ ಪಕ್ಕದಲ್ಲಿ ನಿಂತು ನೋಡಲಿ.