ಗೇಜ್ ಗ್ಲಾಸ್‌ನಲ್ಲಿ ನೀರಿದೆ, ಆದರೂ ಲೋ ವಾಟರ್ ಟ್ರಿಪ್

ಫೈರ್ ಟ್ಯೂಬ್ ಬಾಯ್ಲರ್ (ಬಿಸಿ ಅನಿಲ ಕೊಳವೆಗಳೊಳಗೆ, ನೀರು ಅವುಗಳ ಸುತ್ತ). ಒಳಗಿನ ನೀರಿನ ಮಟ್ಟ ತೋರಿಸುವ ಗೇಜ್ ಗ್ಲಾಸ್‌ನಲ್ಲಿ ಅರ್ಧಕ್ಕಿಂತ ಮೇಲೇ ನೀರು ಕಾಣುತ್ತಿದ್ದರೂ ಬರ್ನರ್ ಲೋ ವಾಟರ್ (ನೀರು ಕಡಿಮೆ) ಅಲಾರಂ ಕೊಟ್ಟು ನಿಲ್ಲುತ್ತಿತ್ತು, ಅಂದರೆ ಟ್ರಿಪ್ ಆಗುತ್ತಿತ್ತು. ಬಾಯ್ಲರ್‌ಗೆ ನೀರು ತುಂಬುವ ಫೀಡ್ ಪಂಪ್ ಓಡಿದರೂ ನಿಂತರೂ ಗ್ಲಾಸ್‌ನ ಮಟ್ಟ ಅಲುಗುತ್ತಿರಲಿಲ್ಲ. ಅಸಲಿ ಸುಳಿವು ಅದೇ. ನೀರಿನ ಮಟ್ಟ ಗುರುತಿಸುವ ಎಲೆಕ್ಟ್ರೋಡ್ ಒರೆಸಿ, ರಿಲೇ, ಗ್ಲಾಸ್ ಬದಲಿಸಿದರೂ ಫಲವಿಲ್ಲ.

ಗ್ಲಾಸ್‌ನ ಮೇಲಿನ ಸ್ಟೀಮ್ ಕಾಕ್ (ಆವಿಯ ನಲ್ಲಿ), ಕೆಳಗಿನ ವಾಟರ್ ಕಾಕ್ (ನೀರಿನ ನಲ್ಲಿ) ಎರಡನ್ನೂ ಮುಚ್ಚಿ, ಗ್ಲಾಸ್ ಖಾಲಿ ಮಾಡುವ ಡ್ರೈನ್ ತೆರೆದೆ. ವಾಟರ್ ಕಾಕ್ ಮಾತ್ರ ತೆರೆದಾಗ ಬರೀ ಜಿನುಗು. ಅದನ್ನು ಮುಚ್ಚಿ ಸ್ಟೀಮ್ ಕಾಕ್ ತೆರೆದರೆ ಜೋರು ಆವಿ. ಬಾಯ್ಲರ್‌ನಿಂದ ಗ್ಲಾಸ್‌ಗೆ ನೀರು ಬರುವ ಕೆಳದಾರಿ ಕೆಸರಿನಿಂದ ಕಟ್ಟಿತ್ತು, ಆವಿಯೇ ತಣಿದು ನೀರಾಗಿ ಗ್ಲಾಸ್‌ನಲ್ಲಿ ನಿಂತಿತ್ತು. ಬಾಯ್ಲರ್ ನಿಲ್ಲಿಸಿ, ಒತ್ತಡ ಸೊನ್ನೆಗಿಳಿದು ತಣಿದ ಮೇಲೆ ನೀರನ್ನು ಆ ದಾರಿಗಿಂತ ಕೆಳಗಿಳಿಸಿ, ಅದರ ಬಾಯಿಯ ಪ್ಲಗ್ ಬಿಚ್ಚಿ ಕಂಬಿಯಿಂದ ಕೆರೆದೆ.

ಮತ್ತೆ ಒತ್ತಡ ಬಂದಾಗ ಡ್ರೈನ್ ಮುಚ್ಚಿ ಮೊದಲು ವಾಟರ್ ಕಾಕ್, ನೀರು ಏರಿದ ಮೇಲೆ ನಿಧಾನವಾಗಿ ಸ್ಟೀಮ್ ಕಾಕ್ ತೆರೆಯಬೇಕು. ನೀರು ಏರದಿದ್ದರೆ ಬೆಂಕಿ ನಿಲ್ಲಿಸಿ. ಫೀಡ್ ಪಂಪ್ ಮಾತ್ರ ಹಾಕಲೇಬೇಡಿ.