ಅಂಬಾಸಿಡರ್ ಹೆಡ್ ನಟ್ ಬಿಗಿಯುವಾಗ ಪೈಪ್ ಮುಟ್ಟಬೇಡಿ

ದೇವಿಮನೆ ಘಾಟಿಯಲ್ಲಿ ನಮ್ಮ ಅಂಬಾಸಿಡರ್ ಎರಡು ಸಲ ಹಬೆ ಬಿಟ್ಟು ನಿಂತಿದೆ. ಮೊದಲ ಸಲ, ಇಂಜಿನ್ ಬ್ಲಾಕ್‌ಗೂ ಅದರ ಮೇಲಿನ ಮುಚ್ಚಳವಾದ ಹೆಡ್‌ಗೂ ನಡುವೆ ಸೋರದಂತೆ ಕೂರುವ ಗ್ಯಾಸ್ಕೆಟ್ ಹಳೆಯದಾಗಿತ್ತು. ಎರಡನೇ ಸಲದ್ದು ನನ್ನದೇ ಪ್ರತಾಪ. ಹೊಸ ಗ್ಯಾಸ್ಕೆಟ್ ಕೂರಿಸಿ, ಸ್ಪ್ಯಾನರ್ ಹಿಡಿಗೆ ಜಿಐ ಪೈಪ್ ತುಂಡು ಸಿಕ್ಕಿಸಿ, ಮೈಭಾರವೆಲ್ಲ ಹಾಕಿ ನಟ್ ಬಿಗಿದಿದ್ದೆ. ಒಂದು ಸ್ಟಡ್ (ಬ್ಲಾಕ್‌ನಿಂದ ಎದ್ದು ನಿಂತ, ನಟ್ ಕೂರುವ ಸರಳು) ಎಳೆದು ಉದ್ದವಾಯಿತು, ಪಕ್ಕದ್ದು ಸಡಿಲ ಉಳಿಯಿತು. ಸಿರಸಿಯಿಂದ ಕುಮಟೆಗೆ ಇಳಿಯುವಾಗ ಏನೂ ಗೊತ್ತಾಗಲಿಲ್ಲ. ವಾಪಸ್ ಹತ್ತುವಾಗ ಗೊತ್ತಾಯಿತು.

ನಮ್ಮದು ಅಪ್ಪಯ್ಯನ ಕಾಲದ 1974ರ ಮಾರ್ಕ್ 2, 1489 ಸಿಸಿ ಪೆಟ್ರೋಲ್. ಹೆಡ್‌ಗೆ 11 ನಟ್. ಒಂದೊಂದಕ್ಕೂ ಬಿಗಿಯುವ ಬಲ (ಟಾರ್ಕ್) 40 ಪೌಂಡ್-ಫುಟ್, ಅಂದರೆ ಸುಮಾರು 54 ನ್ಯೂಟನ್ ಮೀಟರ್. ಫಿಯೆಟ್ ಇದ್ದವರು ಈ ಲೆಕ್ಕ ಹಿಡಿಯಬೇಡಿ. ಅದರ ಹೆಡ್ ಅಲ್ಯೂಮಿನಿಯಂ, ಅದರ ಮ್ಯಾನ್ಯುಯಲ್ಲೇ ಬೇರೆ.

ಇಂಜಿನ್ ಪೂರ್ತಿ ತಣ್ಣಗಿರಬೇಕು. ಬ್ಯಾಟರಿ ವೈರ್ ತೆಗೆದು, ಚಕ್ರಕ್ಕೆ ಕಲ್ಲು ಕೊಟ್ಟು, ರೇಡಿಯೇಟರ್ ನೀರು ಇಳಿಸಿ. ನೀರು ಇಳಿಸುವುದನ್ನು ತಪ್ಪಿಸಬೇಡಿ. ಇದರಲ್ಲಿ ರಾಕರ್ (ವಾಲ್ವ್ ಒತ್ತುವ ತೋಳುಗಳು) ಹಿಡಿದಿರುವ ನಾಲ್ಕು ದೊಡ್ಡ ನಟ್‌ಗಳೇ ಹೆಡ್ಡನ್ನೂ ಹಿಡಿದಿರುತ್ತವೆ. 'ಬರೀ ರಾಕರ್ ಬಿಚ್ಚಿದೆ' ಅಂದುಕೊಂಡರೂ ಹೆಡ್ ಸಡಿಲಾಗಿರುತ್ತದೆ, ನೀರು ಆಯಿಲ್‌ಗೆ ಸೇರಬಹುದು. ಪಕ್ಕದ ನಾಲ್ಕು ಸಣ್ಣ ನಟ್‌ಗೆ 25 ಪೌಂಡ್-ಫುಟ್ ಸಾಕು.

ಬಿಚ್ಚುವಾಗ ಅಂಚಿನಿಂದ ಒಳಕ್ಕೆ ಬನ್ನಿ, ಎಲ್ಲವನ್ನೂ ಸ್ವಲ್ಪ ಸ್ವಲ್ಪವೇ ಸಡಿಲಿಸುತ್ತಾ. ನಾನು ಅಡಿಕೆ ಹಾಳೆಗೆ ತೂತು ಹೊಡೆದು, ರಾಕರ್ ಎತ್ತುವ ಪುಶ್ ರಾಡ್‌ಗಳನ್ನು ಇದ್ದ ಕ್ರಮದಲ್ಲೇ ಚುಚ್ಚಿಡುತ್ತೇನೆ. ಹಳೇ ಗ್ಯಾಸ್ಕೆಟ್‌ನಲ್ಲಿ ಆಸ್ಬೆಸ್ಟಾಸ್ ಇರಬಹುದು. ಒಣಗಿದ್ದನ್ನು ಕೆರೆಯಬೇಡಿ, ವೈರ್ ಬ್ರಷ್ ಅಂತೂ ಬೇಡವೇ ಬೇಡ. ಮಾಸ್ಕ್ ಹಾಕಿ, ನೀರು ಚಿಮುಕಿಸಿ, ಮೆಲ್ಲಗೆ ಎಬ್ಬಿಸಿ, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ.

ಸ್ಟಡ್ ಥ್ರೆಡ್‌ನಲ್ಲಿ ತುಕ್ಕು ಇದ್ದರೆ ಟಾರ್ಕ್ ರೆಂಚ್ (ಇಟ್ಟ ನಂಬರ್‌ಗೆ ಬಿಗಿಯಾದಾಗ ಟಕ್ ಅನ್ನುವ ಸ್ಪ್ಯಾನರ್) ಸುಳ್ಳು ಹೇಳುತ್ತದೆ. ನಟ್ ಗಂಟಲಲ್ಲಿ ಸಿಕ್ಕಿಕೊಂಡರೂ ಅದು ಟಕ್ ಅನ್ನುತ್ತದೆ, ಹೆಡ್ ಮಾತ್ರ ಒತ್ತಿರುವುದಿಲ್ಲ. ಕಾರವಾರ, ಅಂಕೋಲಾ ಕಡೆಯ ಉಪ್ಪುಗಾಳಿಯಲ್ಲಿ ನಿಂತ ಕಾರಿಗೆ ಇದು ಜಾಸ್ತಿ. ನಟ್ ಕೈಬೆರಳಲ್ಲೇ ಕೊನೆತನಕ ತಿರುಗುವಷ್ಟು ಚೊಕ್ಕ ಮಾಡಿ. ಆಮೇಲೆ ಒಂದೆರಡು ತೊಟ್ಟು ಆಯಿಲ್. ಸ್ಟಡ್ ಬದಲು ಬೋಲ್ಟ್ ಇರುವ ಇಂಜಿನ್ ಆದರೆ ತೂತಿನೊಳಗೆ ಆಯಿಲ್, ನೀರು ನಿಲ್ಲದಂತೆ ಒರೆಸಿ. ಒಳಗೆ ಸಿಕ್ಕ ದ್ರವಕ್ಕೆ ದಾರಿ ಇಲ್ಲದೆ ಬ್ಲಾಕೇ ಬಿರುಕು ಬಿಡಬಹುದು.

ಬಿಗಿಯುವುದು ನಡುವಿನಿಂದ. ಮ್ಯಾನ್ಯುಯಲ್ ಚಿತ್ರದ ನಂಬರ್‌ಗಳನ್ನು ಸೀಮೆಸುಣ್ಣದಲ್ಲಿ ಹೆಡ್ ಮೇಲೇ ಬರೆಯಿರಿ. ಮೊದಲ ಸುತ್ತು 15, ಆಮೇಲೆ 30, ಕೊನೆಗೆ 40. ನಮ್ಮ ಮನೆಯಲ್ಲಿ ಮಗಳು ನಂಬರ್ ಕೂಗುತ್ತಾಳೆ. "ಅಪ್ಪಾ, ಏಳು ಬಿಟ್ಟೆ!" ಅಂತ ಒಮ್ಮೆ ಹಿಡಿದೂ ಬಿಟ್ಟಿದ್ದಾಳೆ. ರೆಂಚನ್ನು ನಿಮ್ಮ ಕಡೆಗೆ ನಿಧಾನಕ್ಕೆ ಎಳೆಯಿರಿ, ಜಗ್ಗಬೇಡಿ. ಆಚೆ ನೂಕಿದರೆ ಸಾಕೆಟ್ ಜಾರಿದಾಗ ಗೆಣ್ಣು ಹೋಗಿ ಫ್ಯಾನ್‌ಗೆ ಬಡಿಯುತ್ತದೆ. ಟಕ್ ಅಂದ ಮೇಲೆ 'ಇನ್ನೊಂಚೂರು' ಬೇಡ.

ಟ್ಯಾಪೆಟ್ ಗ್ಯಾಪ್ (ರಾಕರ್‌ಗೂ ವಾಲ್ವ್‌ಗೂ ನಡುವಿನ ಸಂದು) 0.015 ಇಂಚಿಗೆ ಇಟ್ಟು, ನೀರು ತುಂಬಿ, ಬನವಾಸಿಗೆ ಹೋಗಿ ಬಂದೆ. ರಾತ್ರಿಯಿಡೀ ತಣ್ಣಗಾಗಲು ಬಿಟ್ಟೆ. ಬೆಳಿಗ್ಗೆ ಅದೇ ಕ್ರಮದಲ್ಲಿ ಒಂದೊಂದೇ ನಟ್ ಕೂದಲೆಳೆಯಷ್ಟು ಸಡಿಲಿಸಿ, ಮತ್ತೆ 40ಕ್ಕೆ ತಂದೆ. ಎಲ್ಲವನ್ನೂ ಒಟ್ಟಿಗೆ ಸಡಿಲಿಸಬಾರದು. ಹೆಡ್ ಒಂಚೂರು ಕೂತರೂ ಟ್ಯಾಪೆಟ್ ಗ್ಯಾಪ್ ಬದಲಾಗುತ್ತದೆ, ಅದನ್ನೂ ಇನ್ನೊಮ್ಮೆ ನೋಡಿಯೇ ಕವರ್ ಮುಚ್ಚಿ. ಟಾರ್ಕ್ ರೆಂಚನ್ನು ಅತಿ ಕಡಿಮೆ ನಂಬರ್‌ಗೆ ಇಳಿಸಿ ಪೆಟ್ಟಿಗೆಗೆ ಹಾಕಿ.